ಸೋತವರು ಊರು ಕೊಡಬೇಕು

ಉಪ್ಪಿನಬೆಟಗೇರಿ
೪ ನವೆಂಬರ್ ೨೦೨೪

ಶ್ರೀ ಎಬಿನೇಜರ್ ಅವರಿಗೆ,

ಗುರುಪಾದನ ನಮಸ್ಕಾರ. ಅಕ್ಷರದ ಗುರುತು ಹತ್ತಿತೋ ಇಲ್ಲವೋ. ಮೂವತ್ತೈದು ವರ್ಷದಲ್ಲಿ ಕೈ ಸ್ವಲ್ಪ ನಡುಗತೊಡಗಿದೆ. ನಿಮ್ಮ ಫೋನ್ ನಂಬರು ಸಿಗದೆ ಇರಲಿಲ್ಲ. ಆದರೆ ಫೋನಿನಲ್ಲಿ ಎರಡನೆಯ ಮಾತಿಗೇ ಜಗಳವಾದೀತು. ಬರೆಯುವಾಗ ಕೈ ತಡೆದು ತಡೆದು ಬರೆಯುತ್ತದೆ. ಅದಕ್ಕೇ ಈ ಪತ್ರ.

ಕಳೆದ ವಾರ ಪತ್ರಿಕೆಯಲ್ಲಿ ನಿಮ್ಮ ಫೋಟೋ ಬಂದಿತ್ತು. ಸಪ್ತಾಪುರದ ನಿಮ್ಮ ಕಂಪ್ಯೂಟರ್ ಕ್ಲಾಸಿನ ಹಳೆಯ ವಿದ್ಯಾರ್ಥಿಗಳು ಜನವರಿ ಹನ್ನೆರಡಕ್ಕೆ ನಿಮಗೆ ಸನ್ಮಾನ ಮಾಡುತ್ತಾರಂತೆ. ಟೀವಿಗೆ ಜೋಡಿಸಿ, ಟೇಪ್ ರೆಕಾರ್ಡರಿನ ಕ್ಯಾಸೆಟ್ಟಿನಿಂದ ಆಟ ಏರಿಸುತ್ತಿದ್ದೆವಲ್ಲ, ಆ ಕರಿಯ ಕಂಪ್ಯೂಟರನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಒಂದು ಶಾಲೆಗೆ ಒಪ್ಪಿಸುತ್ತಾರಂತೆ. ಪಕ್ಕದಲ್ಲಿ 'ಒಗಟಿನ ಹಗೇವು' ಆಟದ ಕ್ಯಾಸೆಟ್ಟು, ನೆಲದೊಳಗೆ ಜೋಳ ತುಂಬಿಡುವ ಹಗೇವಿನ ಹಾಗೆ ಒಗಟು ತುಂಬಿದ್ದು. ಕೆಳಗೆ ಹಿತ್ತಾಳೆಯ ಫಲಕ: ರಚನೆ, ಎಬಿನೇಜರ್ ಸರ್.

ಪತ್ರಿಕೆಯನ್ನು ನಮ್ಮ ಅವ್ವನೂ ನೋಡಿದಳು. ಅವಳಿಗೀಗ ಎಂಬತ್ತಾರು. ಓದು ಬಾರದು, ಫೋಟೋ ನೋಡಿಯೇ ಹಿಡಿದಳು. "ಸಾಲಿ ಮಾಸ್ತರ ಮಗಾ ಎಬ್ಯಾ ಅಲ್ಲೇನು ಇಂವಾ? ಏನ್ ಬರದಾರ, ಓದು" ಅಂದಳು. ಓದಿದೆ. ಅವಳು ಹಿಗ್ಗಿ, "ನೋಡು, ಖರೇನ ತಾನ ಮಾಡಿದ್ದ ಅವಾ. ನೀ ಸುಮ್ಮಸುಮ್ಮನ ಗೆಳ್ಯಾನ ಮ್ಯಾಲ ಕಳವು ಹೊರಿಸಿದಿ" ಅಂದಳು.

ನನಗೆ ಫಲಕದಲ್ಲಿ ಜಾಗ ಬೇಡ. ಅವ್ವನಿಗೆ ಎರಡು ಸಾಲು ಬರೆದು ಕಳಿಸಿ. ಆ ಆಟ ಬರೆದವನು ಗುರುಪಾದ, ಅದನ್ನು ಕಾಪಿ ಮಾಡಿ ಹೆಸರು ಬದಲಿಸಿದವನು ನಾನು ಎಂದು. ಓದಿ ಹೇಳಲು ನನ್ನ ಮಗಳು ಸೌಂದರ್ಯಾ ಇದ್ದಾಳೆ. ನಾನು ಓದಿದರೆ ಅವ್ವ ನಂಬುವುದಿಲ್ಲ. ಅವಳು ಹೋಗುವುದರೊಳಗೆ, ತನ್ನ ಮಗ ಸುಳ್ಳನಲ್ಲ ಎಂದು ಅವಳಿಗೆ ತಿಳಿಯಬೇಕು.

ಇಂತು,
ಗುರುಪಾದ


ಸಪ್ತಾಪುರ, ಧಾರವಾಡ
೧೭ ನವೆಂಬರ್ ೨೦೨೪

ಗೆಳೆಯ ಗುರುಪಾದ,

ಲಕೋಟೆಯ ಮೇಲೆ 'ಶ್ರೀ' ನೋಡಿ ನನ್ನ ಹೆಂಡತಿ ಪ್ರಿಸಿಲ್ಲಾ ಬ್ಯಾಂಕಿನ ನೋಟೀಸು ಎಂದು ಹೆದರಿದಳು. ನೀನು ನನಗೆ 'ನೀವು' ಅಂದದ್ದು ಇದೇ ಮೊದಲು. ಇರಲಿ, ನಾನು 'ನೀನು' ಎಂದೇ ಬರೆಯುತ್ತೇನೆ. ಸಿಟ್ಟು ಬಂದರೆ ಹರಿದು ಹಾಕು.

ಅವ್ವ ಹೇಗಿದ್ದಾಳೆ? ತಾಯಿಯಿಲ್ಲದ ನನಗೆ ನಿಮ್ಮೂರ ಸಾಲಿಯಲ್ಲಿ ಓದುವಾಗ ಮಧ್ಯಾಹ್ನದ ರೊಟ್ಟಿ ನಿಮ್ಮ ಮನೆಯದೇ. ಉಂಡ ಮೇಲೆ ಕಟ್ಟೆಯ ಮೇಲೆ ಕೂಡಿಸಿಕೊಂಡು ಒಗಟು ಹಾಕುತ್ತಿದ್ದಳು. ಬಿಡಿಸಲಾಗದಿದ್ದರೆ ಬಾಯಿಮಾತಿನಲ್ಲೇ ಒಂದು ಊರು ಕೊಡಬೇಕು, ಕೊಟ್ಟರೆ ಮಾತ್ರ ಉತ್ತರ. ನಾನು ಗರಗ ಕೊಟ್ಟೆ, ಹೆಬ್ಬಳ್ಳಿ ಕೊಟ್ಟೆ, ಅಮ್ಮಿನಭಾವಿ ಕೊಟ್ಟೆ, ಕಡೆಗೆ ಕೊಡಲು ಊರೇ ಉಳಿಯದೆ ಅಳುತ್ತ ಕೂತೆ. "ಅಳಬ್ಯಾಡ, ಹೆಬ್ಬಳ್ಳಿ ಕಡಾ ಕೊಡ್ತೇನಿ, ನಾಳಿ ತಿರುಗಿ ಕೊಡು" ಅಂದಿದ್ದಳು. ಅಂಥ ದೊಡ್ಡ ಜಮೀನುದಾರಳು ಆ ಸೀಮೆಯಲ್ಲಿ ಇನ್ನೊಬ್ಬಳಿರಲಿಲ್ಲ.

ಈಗ ನಿನ್ನ ಮಾತಿಗೆ ಬರುತ್ತೇನೆ. ಆಗ ಕಡ್ಡಿಪೆಟ್ಟಿಗೆ ಉಳಿಸಲು ಹೆಂಗಸರು ನೆರೆಮನೆಯಿಂದ ಕೆಂಡ ತರುತ್ತಿದ್ದರಲ್ಲ. ಕೆಂಡ ಕೊಟ್ಟ ಒಲೆ ಆರುತ್ತಿರಲಿಲ್ಲ, ತಂದ ಒಲೆ ಹೊತ್ತುತ್ತಿತ್ತು. ಯಾರಾದರೂ ಕೆಂಡ ಕಳುವಾಯಿತೆಂದು ಚಾವಡಿಗೆ ಹೋದದ್ದುಂಟೆ? ಒಗಟೂ ಹಾಗೆ. ಅವ್ವ ತನ್ನ ಅವ್ವನಿಂದ ತಂದಳು, ನೀನು ಅವಳಿಂದ ತಂದೆ, ನಾನು ನಿನ್ನಿಂದ ತಂದೆ. ಇದರಲ್ಲಿ ಮಾಲೀಕರು ಯಾರು?

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡ. ಪ್ರತಿ ರವಿವಾರ ನೀನು ಬಸ್ಸು ಹಿಡಿದು ಬರುತ್ತಿದ್ದೆ. ಕಂಪ್ಯೂಟರು ನನ್ನದು, ಟೀವಿ ನನ್ನದು. ಆ ಯಂತ್ರಕ್ಕೆ ಕನ್ನಡ ಬರುತ್ತಿರಲಿಲ್ಲ. ನೀನು ಚೌಕದ ಹಾಳೆಯಲ್ಲಿ ಒಂದೊಂದು ಅಕ್ಷರವನ್ನೂ ಚುಕ್ಕೆಯಿಟ್ಟು ಬರೆದು, ಚುಕ್ಕೆಗಳನ್ನು ಅಂಕಿ ಮಾಡುತ್ತಿದ್ದೆ. ನೀನು ಕೀಲಿ ಒತ್ತುವಾಗ ಆ ಅಂಕಿಗಳನ್ನು ಓದಿ ಹೇಳುತ್ತಿದ್ದವನು ನಾನು. ವಿದೇಶದ ಆಟಗಳನ್ನು ಎರಡು ಟೇಪ್ ರೆಕಾರ್ಡರ್ ಜೋಡಿಸಿ ನಾವಿಬ್ಬರೂ ಕಾಪಿ ಮಾಡುತ್ತಿದ್ದೆವು. ಆಗ ನಿನಗೆ ಕಳ್ಳತನ ನೆನಪಾಗಲಿಲ್ಲ.

ಈ ಸನ್ಮಾನ ನಾನು ಕೇಳಿದ್ದಲ್ಲ. ಮಕ್ಕಳು ಪ್ರೀತಿಯಿಂದ ಮಾಡುತ್ತಿದ್ದಾರೆ. ನಲವತ್ತೈದು, ಐವತ್ತು ವಯಸ್ಸಿನವರಾದರೂ ನನಗೆ ಮಕ್ಕಳೇ. ಅವರ ಮುಂದೆ ಈಗ ಬೂದಿ ಕೆದಕುವುದೇಕೆ? ಅವ್ವ ಸಂತೋಷವಾಗಿದ್ದಾಳೆ ಎಂದು ನೀನೇ ಬರೆದಿದ್ದೀಯ. ಹಾಗೆಯೇ ಇರಲಿ ಬಿಡು.

ನಿನ್ನ,
ಎಬಿನೇಜರ್


ಉಪ್ಪಿನಬೆಟಗೇರಿ
೧ ಡಿಸೆಂಬರ್ ೨೦೨೪

ಶ್ರೀ ಎಬಿನೇಜರ್ ಅವರಿಗೆ,

ಪತ್ರ ಮುಟ್ಟಿತು. ಹರಿಯಲಿಲ್ಲ.

ಕೆಂಡದ ಕಥೆ ಛಲೋ ಹೇಳಿದಿರಿ. ನೀವು ಮೊದಲಿನಿಂದಲೂ ಮಾತುಗಾರರು. ಆದರೆ ಅರ್ಧ ಹೇಳಿದಿರಿ. ನಮ್ಮ ಅವ್ವನ ಒಲೆಯಿಂದ ಕೆಂಡ ತಂದವಳನ್ನು ಯಾರಾದರೂ ಕೇಳಿದರೆ "ದಾನವ್ವನ ಮನಿಯಿಂದ ತಂದೆ" ಅನ್ನುತ್ತಿದ್ದಳು. ನನ್ನ ಒಲೆಯಲ್ಲೇ ಹುಟ್ಟಿತು ಅನ್ನುತ್ತಿರಲಿಲ್ಲ.

ವಿದೇಶದ ಆಟಗಳ ಮಾತು ಖರೆ. ನಾನೂ ಕಾಪಿ ಮಾಡಿದೆ. ಅದನ್ನು ಬರೆದವನು ಯಾವ ಊರವನು, ಅವನ ಅವ್ವ ಯಾವ ಕಟ್ಟೆಯ ಮೇಲೆ ಕೂತಿದ್ದಳು ಎಂದು ಆಗ ಯೋಚಿಸಲಿಲ್ಲ. ನನ್ನದು ಹೋದ ಮೇಲೆ ಯೋಚಿಸಿದೆ. ಆಮೇಲೆ ಇನ್ನೊಂದು ಕ್ಯಾಸೆಟ್ಟು ಕಾಪಿ ಮಾಡಿಲ್ಲ. ಇದನ್ನು ದೊಡ್ಡಸ್ತಿಕೆ ಎಂದು ಹೇಳುತ್ತಿಲ್ಲ. ಕೇಳಿದಿರಿ, ಹೇಳಿದೆ.

ನೀವು ಬರೆಯದೆ ಬಿಟ್ಟದ್ದನ್ನು ನಾನು ಬರೆಯುತ್ತೇನೆ. ಆಟ ಮುಗಿದ ರವಿವಾರ ಕ್ಯಾಸೆಟ್ಟನ್ನು ನಿಮ್ಮ ಕೈಗೆ ಕೊಟ್ಟು, "ನಲವತ್ತೂ ಒಗಟು ದಾಟಿ ಕೊನೀತನಕ ಆಡು, ಆಮ್ಯಾಲ ಮಾತಾಡೋಣು" ಎಂದೆ. ನೀವು ಆಡಿದಿರೋ ಬಿಟ್ಟಿರೋ. ಮೂರು ವಾರದ ಮೇಲೆ ಹುಬ್ಬಳ್ಳಿಯ ಒಂದು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಆಗ ನಾನು ಕಲಿಸುತ್ತಿದ್ದ ಶಾಲೆಯ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದೆ. ಮೇಜಿನ ಮೇಲೆ ಟೀವಿ, ಸುತ್ತ ಹುಡುಗರು. ಪರದೆಯ ಮೇಲೆ ನನ್ನ ಅಕ್ಷರಗಳು. ಒಂದೊಂದು ಚುಕ್ಕೆಯೂ ನನಗೆ ಗೊತ್ತು. 'ದಾನವ್ವನ ಒಗಟಿನ ಹಗೇವು' ಎಂದು ಅವ್ವನ ಹೆಸರಿದ್ದಲ್ಲಿ 'ಎಬಿನೇಜರ್ ಕಂಪ್ಯೂಟರ್ ಕ್ಲಾಸ್: ಒಗಟಿನ ಹಗೇವು' ಎಂದಿತ್ತು. ಇಪ್ಪತ್ತು ಶಾಲೆಗೆ ಹೋಗಿವೆ ಎಂದು ಅಲ್ಲಿದ್ದವರು ಹೇಳಿದರು.

ನಾನು ಮನೆಗೆ ಬಂದು ಕೂಗಾಡಿದೆ. ಅವ್ವ ನಿಮಗೆ ಹೇಳಿ ಕಳಿಸಿದಳು. ನೀವು ಬಂದಿರಿ. ಬಂದವರಿಗೆ ಮೊದಲು ಊಟ ಹಾಕಿದಳು. ಕೈಯಲ್ಲಿ ರೊಟ್ಟಿ ಇದ್ದಾಗ ಕೇಳಿದಳು. ನೀವು, "ಒಗಟು ಎಲ್ಲಾರ ಮನ್ಯಾಗೂ ಅದಾವಲ್ಲವ್ವಾ. ನಾ ಬರದದ್ದು ಬ್ಯಾರೆ, ಇವಾ ಬರದದ್ದು ಬ್ಯಾರೆ" ಅಂದಿರಿ. ಕಂಪ್ಯೂಟರ್ ಎಂದರೇನೆಂದು ಅರಿಯದ ಅವ್ವ ಏನು ಮಾಡಬೇಕು? ತನ್ನ ಅನ್ನ ಉಣ್ಣುತ್ತ ಮಾಸ್ತರ ಮಗ ಸುಳ್ಳು ಹೇಳಲಾರ ಎಂದುಕೊಂಡಳು. ನನಗೆ, "ತಪ್ಪಾತು ಅನ್ನು" ಅಂದಳು.

ನಾನು ಅಂದೆ. ನಿಮ್ಮ ಮುಂದೆ ನಿಂತು, ತಪ್ಪಾಯಿತು ಎಂದೆ. ನೀವು ತಲೆ ತಗ್ಗಿಸಿ ರೊಟ್ಟಿ ಮುರಿದಿರಿ.

ನನ್ನ ಹತ್ತಿರ ಇದ್ದ ಒಂದೇ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದು ಎಂದೋ ಹೋಯಿತು. ಸಾಕ್ಷಿ ಎಂಬುದು ನನ್ನಲ್ಲಿಲ್ಲ, ನಿಮ್ಮ ನಾಲಿಗೆಯಲ್ಲಿದೆ. ಒಂದೇ ಒಂದು ಕೇಳುತ್ತೇನೆ. ಇಷ್ಟು ವರ್ಷದಲ್ಲಿ ಎಂದಾದರೂ ಆ ಆಟವನ್ನು ಕೊನೆಯವರೆಗೆ ಆಡಿದ್ದೀರಾ?

ಇಂತು,
ಗುರುಪಾದ


ಸಪ್ತಾಪುರ, ಧಾರವಾಡ
೩ ಜನವರಿ ೨೦೨೫

ಗುರುಪಾದ,

ನಿನ್ನ ಪತ್ರ ಬಂದು ತಿಂಗಳಾಯಿತು. ಬೈಬಲಿನ ಹಾಳೆಗಳ ನಡುವೆ ಇಟ್ಟಿದ್ದೆ. ಆಮೇಲೆ ಬೈಬಲ್ ತೆರೆಯುವುದನ್ನೂ ಬಿಟ್ಟೆ.

ಕ್ರಿಸ್ಮಸ್ಸು ಹೇಗೋ ಕಳೆಯಿತು. ಮೊನ್ನೆ ಚರ್ಚಿನಲ್ಲಿ ಹೊಸ ವರ್ಷದ ಆರಾಧನೆಯಲ್ಲಿ ಪ್ರಭು ಭೋಜನದ ತಟ್ಟೆ ನಮ್ಮ ಸಾಲಿಗೆ ಬಂತು. ರೊಟ್ಟಿಯ ತುಣುಕು ಕಣ್ಣಮುಂದೆ ಬಂದಾಗ ನಿನ್ನ ಪತ್ರದ 'ರೊಟ್ಟಿ ಮುರಿದಿರಿ' ಎಂಬ ಸಾಲು ಎದ್ದು ನಿಂತಿತು. ಸುಳ್ಳು ಬಚ್ಚಿಟ್ಟುಕೊಂಡವನು ಅದನ್ನು ತಿನ್ನುವಂತಿಲ್ಲ. ತಟ್ಟೆಯನ್ನು ಮುಂದೆ ದಾಟಿಸಿದೆ. ಹೊರಗೆ ಮೆಟ್ಟಿಲ ಮೇಲೆ ಪ್ರಿಸಿಲ್ಲಾ ಏನಾಯಿತೆಂದು ಕೇಳಿದಳು. ಹೇಳಿದೆ. ಚಪ್ಪಲಿ ಮೆಟ್ಟಿದಳು. ಆಮೇಲೆ, "ನನ್ನ ಮುಂದ ಹೇಳಿ ಏನು ಉಪಯೋಗ್ರಿ? ಯಾರ ಮುಂದ ಸುಳ್ಳ ಹೇಳೀರಿ, ಅವರ ಮುಂದ ಹೇಳ್ರಿ" ಎಂದಳು. ಅಂದಿನಿಂದ ಮನೆಯಲ್ಲಿ ಅಡಿಗೆಯಾಗುತ್ತದೆ, ಮಾತು ಆಗುವುದಿಲ್ಲ.

ನೀನು ಕೇಳಿದ ಪ್ರಶ್ನೆಗೆ ಉತ್ತರ: ಆಡಿರಲಿಲ್ಲ. ನಿನ್ನೆ ಆಡಿದೆ.

ಕಂಪ್ಯೂಟರು ಈಗ ಉಣಕಲ್ಲಿನಲ್ಲಿ ನಾಹಿದಾಳ ಮನೆಯಲ್ಲಿದೆ. ಹನ್ನೊಂದು ವರ್ಷದವಳಿದ್ದಾಗ ನನ್ನ ಕ್ಲಾಸಿಗೆ ಬರುತ್ತಿದ್ದಳು, ಈಗ ಹೈಸ್ಕೂಲಿನಲ್ಲಿ ಕಲಿಸುತ್ತಾಳೆ. ಸನ್ಮಾನದ ಓಡಾಟವೆಲ್ಲ ಅವಳದೇ. ಆ ಯಂತ್ರದ ಹಣೆಬರಹ ನೋಡು. ಕೊಂಡಾಗ ಅದಕ್ಕೆ ಕೊಟ್ಟ ಹಣದಲ್ಲಿ ಒಂದು ಜೋಡಿ ಎಮ್ಮೆ ಬರುತ್ತಿದ್ದವು. ಐದು ವರ್ಷಕ್ಕೆ ಕ್ಲಾಸು ಮುಚ್ಚಿದಾಗ ಗುಜರಿಯವನು ಕ್ಲಾಸಿನಲ್ಲಿದ್ದ ನಾಲ್ಕು ಯಂತ್ರಗಳಲ್ಲಿ ಮೂರನ್ನು ಒಡೆದ ಬಕೀಟುಗಳ ಜೊತೆ ತಕ್ಕಡಿಗೆ ಹಾಕಿದ. ನಾಲ್ಕನೆಯದನ್ನು ನಾಹಿದಾ ಬೇಡಿ ಒಯ್ದು, ತಾಯಿಯ ಹಳೆಯ ದುಪಟ್ಟಾದಲ್ಲಿ ಸುತ್ತಿಟ್ಟಿದ್ದಳು. ಈಗ ಇಂಥವನ್ನು ಕೂಡಿಸುವವರೊಬ್ಬರು ಪುಣೆಯಿಂದ ಕಾರು ಮಾಡಿಕೊಂಡು ಬಂದು ಕೇಳಿದರಂತೆ. "ಮಾರೂ ಸಾಮಾನಲ್ಲರಿ ಇದು" ಎಂದು ಚಹಾ ಕೊಟ್ಟು ಕಳಿಸಿದಳಂತೆ.

ಹೊಸ ಟೀವಿಗೆ ಜೋಡಣೆಯಾಗದೆ ಅವಳು ಹಳೆಯದೊಂದನ್ನು ಎಲ್ಲಿಂದಲೋ ತರಿಸಿದ್ದಳು. ಕ್ಯಾಸೆಟ್ಟು ಹಾಕಿದಳು. ಎಣ್ಣೆ ಕಾಣದ ರಾಟೆಯ ಹಾಗೆ ಅದು ಐದು ನಿಮಿಷ ಕಿರುಚಿತು. ಮೊದಲ ಪರದೆಯಲ್ಲಿ ನನ್ನ ಕ್ಲಾಸಿನ ಹೆಸರು ಬಂತು. ಅದರ ಅಕ್ಷರಗಳು ಸೊಟ್ಟಗಿದ್ದವು. ನಿನ್ನವು ಎಷ್ಟು ನೆಟ್ಟಗಿದ್ದವು! ಇದು ನನಗೆ ಮೊದಲ ಸಲ ಕಂಡಿತು.

ಉತ್ತರಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತುತ್ತ ಹೋದೆ. ಮೂರಕ್ಕೆ ಸೋತು ಮೂರು ಊರು ಕೊಟ್ಟೆ. ನಲವತ್ತನೆಯದು ಬಂತು.

ಬಡಿದರೆ ಬೆಳೆಯುವುದು, ಸುಟ್ಟರೆ ಉಬ್ಬುವುದು. ಏನು?

ಜೋಳದ ಸೀಮೆಯಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ರೊಟ್ಟಿ ಎಂದು ಒತ್ತಲು ಬೆರಳು ಏಳಲಿಲ್ಲ. ಯಾವ ಮುಖ ಇಟ್ಟುಕೊಂಡು ಒತ್ತಲಿ? ಸೋತೆ ಎಂದೆ. ಊರು ಕೊಡು ಎಂದು ಕೇಳಿತು. 'ಉಪ್ಪಿನಬೆಟಗೇರಿ' ಎಂದು ಕೊಟ್ಟೆ. ಯಂತ್ರ ಒಂದು ಕ್ಷಣ ತಡೆದು ಬರೆಯಿತು: 'ಅದು ನಮ್ಮೂರು. ನಿನ್ನದನ್ನು ಕೊಡು.'

ಅವ್ವ ಕಟ್ಟೆಯ ಮೇಲಿಂದ ಗದರಿದ ಹಾಗಾಯಿತು. ಎಂದು ಇದನ್ನು ಸೇರಿಸಿದ್ದೆಯೋ ಮಾರಾಯ! ನಕ್ಕುಬಿಟ್ಟೆ. ನಗು ಅರ್ಧಕ್ಕೇ ನಿಂತಿತು. ಸಪ್ತಾಪುರ ಕೊಟ್ಟೆ. ತೆಗೆದುಕೊಂಡಿತು.

ಆಮೇಲೆ ಪರದೆ ಕಪ್ಪಾಗಿ, ಮೇಲಿನಿಂದ ಒಂದೊಂದೇ ಸಾಲು ಇಳಿಯಿತು.

ಒಗಟು ಹೇಳಿದವಳು ದಾನವ್ವ.
ಹಗೇವು ತೋಡಿದವರು ಎಬಿನೇಜರ್, ಗುರುಪಾದ.
ಇದು ಇಬ್ಬರದೂ.

ನನ್ನ ಹೆಸರು ಮೊದಲು. ನಿನ್ನದು ಆಮೇಲೆ.

ನಾಹಿದಾ ಸಹಜವಾಗಿ, "ನಾ ಆವಾಗನ ಹೇಳಿದ್ದೆನಲ್ರೀ ಸರ, ಕೊನಿಗೆ ನಿಮ್ಮ ಹೆಸರು ಬರತೈತಿ ಅಂತ" ಎಂದಳು. ಖರೇ ಹೇಳಿದ್ದಳು. ಎರಡು ಜಡೆಯ ಹುಡುಗಿ ಓಡಿಬಂದು ಹೇಳಿದ್ದು ನೆನಪಿದೆ. "ನನ್ನ ಕ್ಲಾಸಿನ ಆಟ, ನನ್ನ ಹೆಸರು ಬರದ ಯಾರ ಹೆಸರು ಬರಬೇಕು" ಎಂದು ನಾನು ಎದ್ದು ನೋಡಲೇ ಇಲ್ಲ. ಹೆಸರು ಬದಲಿಸುವಾಗ ಪ್ರೋಗ್ರಾಮನ್ನೆಲ್ಲ ಹುಡುಕಿದ್ದೆ. ನಿನ್ನ ಅಕ್ಷರಗಳೆಲ್ಲ ಅಲ್ಲಿ ಬರಿಯ ಅಂಕಿ. ಮೊದಲ ಪರದೆಯ ಅಂಕಿಗಳನ್ನು ಬದಲಿಸಿದೆ, ಉಳಿದವು ಒಗಟುಗಳೇ ಇರಬೇಕೆಂದು ಬಿಟ್ಟೆ. ಕೊನೆಯ ಸಾಲುಗಳ ಅಂಕಿಗಳನ್ನು ನೀನು ನನಗೆ ಓದಲು ಕೊಟ್ಟಿರಲಿಲ್ಲ. ಯಾಕೆಂದು ಈಗ ತಿಳಿಯಿತು.

ಅರ್ಧ ನೀನು ಕೊಟ್ಟಿದ್ದೆ. ನೀನು ಕೊಟ್ಟ ಆ ಅರ್ಧವನ್ನೂ ಸೇರಿಸಿ ನಾನು ಪೂರ್ತಿ ಕದ್ದೆ.

ಅವ್ವನಿಗೆ ಪತ್ರ ಬರೆಯುತ್ತೇನೆ. ಹನ್ನೆರಡನೆಯ ತಾರೀಕು ದಾಟಲಿ. ಮೊದಲು ಬರೆದು ಕಳಿಸಿ, ಆಮೇಲೆ ಹೋಗಿ ಶಾಲು ಹೊದೆಸಿಕೊಂಡರೆ ಅದು ಎರಡನೆಯ ಕಳವಾಗುತ್ತದೆ.

ಎಬಿನೇಜರ್


ಸಪ್ತಾಪುರ, ಧಾರವಾಡ
೧೩ ಜನವರಿ ೨೦೨೫

ಅವ್ವಾ,

ನಾ ಎಬ್ಯಾ, ಸಾಲಿ ಮಾಸ್ತರ ಮಗ. ಸೌಂದರ್ಯಾ ಓದಾಕತ್ತಾಳ ಅಂತ ತಿಳಕೊಂಡೇನಿ. ತಂಗಿ, ಒಂದ ಅಕ್ಷರ ಬಿಡಬ್ಯಾಡ, ಮೆತ್ತಗ ಮಾಡಿ ಓದಬ್ಯಾಡ.

ಅವತ್ತು ನಿನ್ನ ರೊಟ್ಟಿ ಕೈಯಾಗ ಹಿಡದು ನಾ ಹೇಳಿದ್ದು ಸುಳ್ಳ. ಆ ಆಟ ಬರದಾಂವ ಗುರುಪಾದ. ಒಗಟು ಎಲ್ಲಾ ನಿನ್ನವು. ಮ್ಯಾಲ ನಿನ್ನ ಹೆಸರಿತ್ತು. ನಾ ಅದನ್ನ ಅಳಿಸಿ ನನ್ನ ಹೆಸರ ಬರದು ಇಪ್ಪತ್ತು ಸಾಲಿಗೆ ಮಾರಿದೆ. ನಿನ್ನ ಮಗ ನಿನ್ನ ಮುಂದ ಖರೇ ಹೇಳಿದ್ದ. ಖರೇ ಹೇಳಿದಾಂವ ಕಳ್ಳನ ಮುಂದ ನಿಂತು ತಪ್ಪಾತು ಅಂದ. ನಾ ಸುಮ್ಮನ ಉಂಡು ಎದ್ದು ಬಂದೆ.

ನಿನ್ನೆ ಸನ್ಮಾನ ಇತ್ತು. ಶಾಲು ಹೊದಿಸೂ ಮೊದಲ ಮೈಕ್ ಇಸಗೊಂಡು ಎಲ್ಲಾ ಹೇಳಿದೆ. ಯಾರೂ ಬೈಲಿಲ್ಲ, ಬೈದಿದ್ರ ಛಲೋ ಇತ್ತು. ಹಾರ ಕುರ್ಚಿ ಮ್ಯಾಲ ಉಳೀತು. ಸಾಲಿಯವರು ಗಾಜಿನ ಪೆಟಿಗಿ ಸದ್ಯಕ್ಕ ಬ್ಯಾಡ ಅಂದ್ರು. ನಾಹಿದಾ ಅನ್ನೂ ಹುಡುಗಿ ಅಷ್ಟ ವರ್ಷ ಜ್ವಾಕಿ ಮಾಡಿದ ಕಂಪ್ಯೂಟರನ್ನ ತಿರುಗಿ ದುಪಟ್ಟಾದಾಗ ಸುತ್ತಿ ಎತಗೊಂಡು ಹೋದಳು. ನನ್ನ ಕಡೆ ನೋಡಲಿಲ್ಲ. ಬಾಗಲದಾಗ ಒಂದ ಮಾತು ಕೇಳಿದಳು: "ಸರ, ಫಲಕದ ಮ್ಯಾಲ ಯಾರ ಹೆಸರ ಹಾಕಬೇಕ್ರಿ?" ಮೂರೂ ಹೆಸರ ಬರದು ಕೊಟ್ಟೆ. ನಿಂದು ಮೊದಲ. ಹಾಕ್ತಾರೋ ಇಲ್ಲೋ ಗೊತ್ತಿಲ್ಲ.

ನಾ ಸೋತೇನವ್ವಾ. ಊರು ಕೊಡಬೇಕಂದ್ರ ನನ್ನ ಕಡೆ ಇದ್ದದ್ದು ಸಪ್ತಾಪುರ ಒಂದ. ಅದನ್ನೂ ಕೊಟ್ಟು ಆತು. ಕ್ಷಮಾ ಮಾಡು ಅನ್ನಾಕ ಬಾಯಿಲ್ಲ.

ನಿನ್ನ ಅನ್ನ ಉಂಡಾಂವ,
ಎಬ್ಯಾ


ಉಪ್ಪಿನಬೆಟಗೇರಿ
೨೯ ಜನವರಿ ೨೦೨೫

ಎಬಿನೇಜರ್,

ಪತ್ರವನ್ನು ಸೌಂದರ್ಯಾ ಓದಿದಳು. ಒಂದಕ್ಷರ ಬಿಡಲಿಲ್ಲ. ನಾನು ಪಡಸಾಲೆಯ ಕಂಬದ ಆಚೆ ಕೂತಿದ್ದೆ.

ಮೂವತ್ತೈದು ವರ್ಷ ಈ ದಿನ ಹೀಗಿರುತ್ತದೆ, ಹಾಗಿರುತ್ತದೆ ಎಂದು ನೆನೆಸುತ್ತಿದ್ದೆ. ಅವ್ವ ಬಿಕ್ಕಿ ಅಳುತ್ತಾಳೆ, ನನ್ನ ಮಗಾ ಅನ್ನುತ್ತಾಳೆ ಎಂದೆಲ್ಲ. ಹಾಗೇನೂ ಆಗಲಿಲ್ಲ. ಅವಳು ಇನ್ನೊಮ್ಮೆ ಓದಲು ಹೇಳಿದಳು. ಓದಿ ಮುಗಿದ ಮೇಲೆ ಗೋಡೆಯ ಕಡೆ ಹೊರಳಿ ಮಲಗಿದಳು. ಎರಡು ದಿನ ನೀರು, ಮಜ್ಜಿಗೆ ಬಿಟ್ಟು ಏನೂ ಮುಟ್ಟಲಿಲ್ಲ. ಈ ಮುದುಕಿಗೆ ಇದನ್ನು ಕೇಳಿಸಿ ನಾನು ಗೆದ್ದದ್ದೇನು ಎಂದು ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ನೀನು ಮೊದಲ ಪತ್ರದಲ್ಲಿ ಹೇಳಿದ್ದೇ ಸರಿಯೇನೋ ಎಂದೂ ಅನಿಸಿತು.

ಮೂರನೆಯ ದಿನ ಬೆಳಿಗ್ಗೆ ನನ್ನನ್ನು ಕರೆದಳು. ಹೋಗಿ ಕೂತೆ. ನನ್ನ ಕೈ ಹಿಡಿದು, "ಅವತ್ತ ನೀ ತಪ್ಪಾತು ಅಂದಿ ನೋಡು, ಆ ಮಾತು ನಂದು. ನಾ ಅದನ್ನ ತಿರುಗಿ ತಗೊಂಡೆ" ಎಂದಳು. ಇಷ್ಟೇ. ಆಮೇಲೆ ಚಹಾ ಕೇಳಿದಳು. ನಾನು ಹಿತ್ತಿಲಿಗೆ ಹೋಗಿ ಮುಖ ತೊಳೆದು ಬಂದೆ.

ಕೊನೆಯ ಪರದೆಯ ವಿಷಯ ನಾನು ಅವಳಿಗೆ ಎಂದೂ ಹೇಳಿರಲಿಲ್ಲ. ಹೇಳಿದ್ದರೆ ನಿನ್ನ ಹೆಸರನ್ನು ನಾನೇ ಸೇರಿಸಿದ್ದೂ ಹೇಳಬೇಕಾಗುತ್ತಿತ್ತು, ಆಗ ಅವಳು "ಹಂಗಾದ್ರ ಅದು ಅವಂದೂ ಹೌದಲ್ಲ" ಅನ್ನುತ್ತಿದ್ದಳು. ಸಿಟ್ಟಿನಲ್ಲಿ ನಾನೂ ಅಷ್ಟು ಬಚ್ಚಿಟ್ಟೆ. ಇದು ನನ್ನ ಪಾಲಿನದು, ನಿನಗೆ ತಿಳಿದಿರಲಿ.

ನಿನಗೆ ಏನು ಬರೆಯಲಿ ಎಂದು ಅವ್ವನನ್ನು ನಿನ್ನೆ ಕೇಳಿದೆ. ಕ್ಷಮಿಸಿದೆ ಎಂದು ಬರೆಯಲೇ ಅಂದೆ. ಬೇಡ ಅಂದಳು. ಆಮೇಲೆ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ:

"ಮಿಶಿನ್ನಿಗೆ ಊರು ಕೊಟ್ರ ನನಗ ಮುಟ್ಟೂದಿಲ್ಲಂತ ಹೇಳು. ಕಾಗದದಾಗ ಬರದು ಕಳಸಿದ್ರೂ ನಾ ತಗೊಳ್ಳಾಂಗಿಲ್ಲ. ಸೋತಾಂವ ಎದುರಿಗೆ ಕುಂತು ಕೊಡಬೇಕು."

ನಿನ್ನನ್ನು ಕರೆಯಲು ನಾನು ಬಸ್ಸಿನ ಹತ್ತಿರ ಬರುವುದಿಲ್ಲ. ಅಷ್ಟು ದೊಡ್ಡ ಮನಸ್ಸು ಇನ್ನೂ ಆಗಿಲ್ಲ. ಮನೆ ಅದೇ ಮನೆ, ದಾರಿ ನಿನಗೆ ಗೊತ್ತಿದೆ.

ಇಂದು ರವಿವಾರವೋ ಏನೋ ಎಂದು ಅವ್ವ ಎರಡು ಸಲ ಕೇಳಿದಳು. ಅಲ್ಲ, ಬುಧವಾರ ಎಂದೆ. ರವಿವಾರ ಮಧ್ಯಾಹ್ನಕ್ಕೆ ಎರಡು ರೊಟ್ಟಿ ಹೆಚ್ಚಿಗೆ ಬಡಿಯಲು ಸೌಂದರ್ಯಾಳಿಗೆ ಹೇಳಿದಳು. ಸೌಂದರ್ಯಾ ನನ್ನ ಮುಖ ನೋಡಿದಳು. ನಾನು ಬೇಡ ಅನ್ನಲಿಲ್ಲ.

ಗುರುಪಾದ